ಕೊರೊನಾ ಪರಿಹಾರ: ನಷ್ಟ ಬೆಳೆದವರಿಗೆ, ಹಣ ಪಹಣಿಯಲ್ಲಿ ಹೆಸರಿದ್ದವರಿಗೆ

2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಬಿದ್ದದ್ದೂ ಅದೇ ದಿನ. ಹೂವು ಬೆಳೆಯುವವರಿಗೆ ಒಳ್ಳೆ ರೇಟು ಸಿಗುವ ದಿನಗಳು ವರ್ಷಕ್ಕೆ ಕೆಲವೇ ಕೆಲವು. ಅದರಲ್ಲಿ ಯುಗಾದಿ ಒಂದು. ಅದರ ಬೆನ್ನಿಗೇ ರಾಮನವಮಿ, ಊರಿನ ತೇರು, ಜಾತ್ರೆ, ಏಪ್ರಿಲ್-ಮೇ ತಿಂಗಳ ಮದುವೆಗಳು. ಆ ಲೆಕ್ಕ ಇಟ್ಟುಕೊಂಡೇ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ರೈತರು ಸೇವಂತಿಗೆ, ಚೆಂಡು ಹೂವು ಹಾಕಿರುತ್ತಾರೆ. ಆ ವರ್ಷ ದೇವಸ್ಥಾನಗಳು ಮುಚ್ಚಿದವು. ಮದುವೆಗಳು ಮುಂದಕ್ಕೆ ಹೋದವು. ಹೂವಿನ ಮಾರುಕಟ್ಟೆಗಳು ಬಂದ್ ಆದವು. ಗಿಡ ಮಾತ್ರ ಹೂವು ಬಿಡುತ್ತಲೇ ಇತ್ತು. ಬಿಡಿಸಲು ಕೂಲಿ ಕೊಟ್ಟು ಸುಮ್ನೆ ಚೆಲ್ಲುವ ಬದಲು ಎಷ್ಟೋ ಜನ ಅರಳಿದ ಹೊಲಕ್ಕೇ ಟ್ರ್ಯಾಕ್ಟರ್ ಹತ್ತಿಸಿ ರೋಟವೇಟರ್ ಹೊಡೆದರು.

ಆರು ವಾರ ಕಳೆದ ಮೇಲೆ ಸರ್ಕಾರ ಪರಿಹಾರ ಘೋಷಿಸಿತು. ಹಣ ಬಂತು. ಎಲ್ಲರಿಗೂ ಬರಲಿಲ್ಲ. ಬಂದವರಿಗೂ ಕಳೆದುಕೊಂಡದ್ದಕ್ಕೆ ತಕ್ಕಂತೆ ಬರಲಿಲ್ಲ. ಅದೆಲ್ಲ ಆಗಿ ಇಷ್ಟು ವರ್ಷ ಆಯಿತು, ಈಗ ಯಾಕೆ ಕೆದಕಬೇಕು ಅಂತ ಕೇಳಬಹುದು. ಕೆದಕಬೇಕಾದ ಕಾರಣ ಇದೆ. ಅವತ್ತು ಹಣ ಹಂಚಿದ್ದು ಪಹಣಿ, ಅಂದರೆ ಜಮೀನು ಯಾರದು ಅಂತ ಹೇಳುವ ಕಂದಾಯ ದಾಖಲೆ ನೋಡಿ. ಅದೇ ದಾಖಲೆಯ ಮೇಲೆ ಇವತ್ತು ಬರ ಪರಿಹಾರ, ಬೆಳೆ ವಿಮೆ, ಹೊಸ ರೈತ ಐಡಿ ಎಲ್ಲವೂ ನಿಂತಿವೆ. ಅವತ್ತು ಹೊರಗೆ ಉಳಿದವರು ಇವತ್ತೂ ಹೊರಗೇ ಇದ್ದಾರೆ.

ಎಷ್ಟು ಕೊಟ್ಟರು?

2020ರ ಮೇ 6ರಂದು ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಹೂವು ಬೆಳೆಗಾರರಿಗೆ ಹೆಕ್ಟೇರ್‌ಗೆ 25,000 ರೂಪಾಯಿ, ಒಬ್ಬರಿಗೆ ಹೆಚ್ಚೆಂದರೆ ಒಂದು ಹೆಕ್ಟೇರ್‌ವರೆಗೆ ಮಾತ್ರ. ರಾಜ್ಯದಲ್ಲಿ 11,687 ಹೆಕ್ಟೇರ್ ಹೂವಿನ ಬೆಳೆ ಅಂತ ಅಂದಾಜು ಮಾಡಿದ್ದರು. ಗುಣಿಸಿ ನೋಡಿ, ಸುಮಾರು 29 ಕೋಟಿ ಆಗುತ್ತದೆ. 1,610 ಕೋಟಿಯ ಪ್ಯಾಕೇಜ್‌ನಲ್ಲಿ ಹೂವಿಗೆ ಇಟ್ಟದ್ದು ಅಷ್ಟು. ಅದೇ ದಿನ 7.75 ಲಕ್ಷ ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಣೆ ಆಯಿತು. ಅದರ ಮೊತ್ತ 387 ಕೋಟಿ ದಾಟುತ್ತದೆ. ಚಾಲಕರಿಗೆ ಕೊಟ್ಟದ್ದು ಜಾಸ್ತಿ ಆಯಿತು ಅಂತ ನಾನು ಹೇಳುತ್ತಿಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಆದರೆ ಸುದ್ದಿಯಲ್ಲಿ ಮೊದಲು ಕಂಡದ್ದು ಹೂವಿನ ರೈತರ ಹೆಸರು. ಹಣದ ಲೆಕ್ಕದಲ್ಲಿ ಅವರ ಪಾಲು ನೂರಕ್ಕೆ ಎರಡು ರೂಪಾಯಿಗಿಂತ ಕಡಿಮೆ.

ಮೇ 14ಕ್ಕೆ ಹಣ್ಣು, ತರಕಾರಿ ಬೆಳೆಗಾರರ ಸರದಿ. ಹೆಕ್ಟೇರ್‌ಗೆ 15,000 ರೂಪಾಯಿ, ಇಲ್ಲೂ ಒಂದು ಹೆಕ್ಟೇರ್ ಮಿತಿ. 50,083 ಹೆಕ್ಟೇರ್ ತರಕಾರಿ, 41,054 ಹೆಕ್ಟೇರ್ ಹಣ್ಣು. ಒಟ್ಟು 137 ಕೋಟಿ. ಅದರ ಹಿಂದೆಯೇ ಮೆಕ್ಕೆಜೋಳದ ಘೋಷಣೆ ಬಂತು. 10 ಲಕ್ಷ ಬೆಳೆಗಾರರಿಗೆ ತಲಾ 5,000 ರೂಪಾಯಿಯಂತೆ 500 ಕೋಟಿ. ಮೂರೂ ಸೇರಿಸಿದರೆ ಬೆಳೆ ಹೆಸರಿನಲ್ಲಿ ಘೋಷಣೆಯಾದ ಹಣ 666 ಕೋಟಿ.

2021ರಲ್ಲಿ ಎರಡನೇ ಅಲೆ ಬಂತು. ಯುಗಾದಿ ಮುಗಿದು ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಮತ್ತೆ ಎಲ್ಲ ಬಂದ್. ಮೇ 19ಕ್ಕೆ 1,250 ಕೋಟಿಯ ಪ್ಯಾಕೇಜ್ ಬಂತು. ಈ ಸಲ ಹೂವಿಗೂ ಹಣ್ಣು-ತರಕಾರಿಗೂ ಒಂದೇ ದರ, ಹೆಕ್ಟೇರ್‌ಗೆ 10,000. ಹಿಂದಿನ ವರ್ಷ 25,000 ಇದ್ದದ್ದು 10,000ಕ್ಕೆ ಇಳಿಯಿತು. ಹೂವಿನ ಖರ್ಚು ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತೇ? ಇಲ್ಲ. ಇಳಿದದ್ದು ಖಜಾನೆ. ಈ ದರಗಳು ನಷ್ಟದ ಲೆಕ್ಕದಿಂದ ಹುಟ್ಟಿದವಲ್ಲ, ಬೊಕ್ಕಸದಲ್ಲಿ ಎಷ್ಟು ಹೊಂದಿಸಬಹುದು ಎನ್ನುವುದರಿಂದ ಹುಟ್ಟಿದವು ಎಂದು ಅರ್ಥವಾಗಲು ಈ ಒಂದು ಬದಲಾವಣೆ ಸಾಕು.

ಯಾವ ನಿಯಮವೂ ಇರಲಿಲ್ಲ

ಇದಕ್ಕೆ ಅಧಿಕಾರಿಗಳನ್ನೇ ಬೈಯುವುದು ಸರಿಯಲ್ಲ. ಬರ, ನೆರೆ ಬಂದರೆ ಎಷ್ಟು ಕೊಡಬೇಕು ಅಂತ ವಿಪತ್ತು ಪರಿಹಾರ ನಿಧಿಯಲ್ಲಿ ಬರೆದಿಟ್ಟ ದರ ಇದೆ. 2022-23ರಿಂದ 2025-26ರವರೆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ಆದರೆ ಅದೆಲ್ಲ ಬೆಳೆ ಹಾಳಾದರೆ. ಬೆಳೆ ವಿಮೆಯೂ ಅಷ್ಟೇ. ಇಳುವರಿ ಕಡಿಮೆಯಾದರೆ, ಇಲ್ಲವೇ ಹವಾಮಾನ ಕೈಕೊಟ್ಟರೆ ವಿಮೆ ಬರುತ್ತದೆ.

2020ರಲ್ಲಿ ಬೆಳೆ ಹಾಳಾಗಲಿಲ್ಲ. ಬೆಳೆ ಚೆನ್ನಾಗೇ ಬಂದಿತ್ತು. ಹಾಳಾದದ್ದು ಮಾರುಕಟ್ಟೆ. ಹೊಲ ತುಂಬಾ ಟೊಮೆಟೊ ಇದೆ, ಕೊಳ್ಳುವವರಿಲ್ಲ. ಇದಕ್ಕೆ ಯಾವ ವಿಮೆಯಲ್ಲೂ ಜಾಗ ಇರಲಿಲ್ಲ. ಕೇಂದ್ರ ಸರ್ಕಾರ ಮಾರ್ಚ್ 14ರಂದೇ ಕೊರೊನಾವನ್ನು ವಿಪತ್ತು ಎಂದು ಘೋಷಿಸಿ ಆ ನಿಧಿಯಿಂದ ಖರ್ಚು ಮಾಡಲು ಬಿಟ್ಟಿತ್ತು. ಆದರೆ ಅದು ಕ್ವಾರಂಟೈನ್, ಪರೀಕ್ಷೆ, ಔಷಧದಂಥ ಖರ್ಚಿಗೆ. ಮಾರಾಟವಾಗದ ಬೆಳೆಗೆ ಅಲ್ಲ. ಹಾಗಾಗಿ ರಾಜ್ಯ ಸರ್ಕಾರ ತನ್ನ ಹಣದಲ್ಲಿ, ತನಗೆ ತೋಚಿದ ದರದಲ್ಲಿ ಕೊಟ್ಟಿತು. ಕೊಟ್ಟಿತು ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು. ಲಾಕ್‌ಡೌನ್ ಹೊತ್ತಿನಲ್ಲಿ ತೆರಿಗೆ ಆದಾಯ ಕುಸಿದಿತ್ತು. ಹಾಗಿದ್ದೂ ಹೂವಿನ ರೈತರನ್ನು ಹೆಸರಿಟ್ಟು ಗುರುತಿಸಿದ್ದು ಸಣ್ಣ ಮಾತಲ್ಲ.

ಆದರೆ ದರವನ್ನು ನೆಲದ ಅಳತೆಗೆ ಕಟ್ಟಿದ್ದು ಎಂಥ ಕಡೆ ಎಡವಿತು ಅಂತ ನೋಡಲು ಉಡುಪಿ ಜಿಲ್ಲೆಯ ಶಂಕರಪುರಕ್ಕೆ ಹೋಗಬೇಕು. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹೂವು ಮುಂಬೈವರೆಗೂ ಹೋಗುತ್ತದೆ. ಅಲ್ಲಿ ಮಲ್ಲಿಗೆ ಬೆಳೆಯುವುದು ಎಕರೆಗಟ್ಟಲೆ ಹೊಲದಲ್ಲಲ್ಲ. ಮನೆಯ ಪಕ್ಕದ ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದಲ್ಲಿ. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕೊಡುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಕೆಲಸದ ಬಹುಪಾಲು ಹೆಂಗಸರದ್ದೇ. ಮದುವೆ, ನೇಮ, ಜಾತ್ರೆಗಳ ಸೀಸನ್‌ನಲ್ಲಿ ಒಂದು ಅಟ್ಟೆಯ ದರ ಸಾವಿರ ರೂಪಾಯಿ ದಾಟುವುದು ಅಲ್ಲಿ ಹೊಸದೇನಲ್ಲ.

ಈಗ ಸರ್ಕಾರದ ದರವನ್ನು ಇಲ್ಲಿಗೆ ಹಾಕಿ ನೋಡೋಣ. ಒಂದು ಹೆಕ್ಟೇರ್ ಅಂದರೆ 247 ಸೆಂಟ್ಸ್. 25,000ವನ್ನು ಅದರಿಂದ ಭಾಗಿಸಿದರೆ ಸೆಂಟ್ಸ್‌ಗೆ 101 ರೂಪಾಯಿ. ಹತ್ತು ಸೆಂಟ್ಸ್ ಮಲ್ಲಿಗೆ ಇಟ್ಟುಕೊಂಡು ಸಂಸಾರ ತೂಗಿಸುವವರಿಗೆ ಹೆಚ್ಚುಕಮ್ಮಿ ಸಾವಿರ ರೂಪಾಯಿ. ಎರಡು ತಿಂಗಳ ಸೀಸನ್ ಪೂರ್ತಿ ಕೈತಪ್ಪಿದ್ದಕ್ಕೆ, ಒಳ್ಳೆ ದಿನದ ಒಂದು ಅಟ್ಟೆ ಹೂವಿನ ಬೆಲೆ. ನೆಲ ಸಣ್ಣದು ಎಂದರೆ ಆದಾಯವೂ ಸಣ್ಣದು ಎನ್ನುವ ಲೆಕ್ಕ ರಾಗಿಗೆ, ಜೋಳಕ್ಕೆ ಸರಿಹೋಗಬಹುದು. ಮಲ್ಲಿಗೆಗೆ ಹೋಗುವುದಿಲ್ಲ.

ಪಾಲಿಹೌಸ್‌ನಲ್ಲಿ ಜರ್ಬೆರಾ, ಡಚ್ ಗುಲಾಬಿ ಬೆಳೆಯುವವರದ್ದು ಇದೇ ಸಮಸ್ಯೆಯ ಇನ್ನೊಂದು ತುದಿ. ಒಂದು ಎಕರೆ ಪಾಲಿಹೌಸ್‌ಗೆ ಹಾಕುವ ಬಂಡವಾಳ ಲಕ್ಷಗಳಲ್ಲಿ, ಎಷ್ಟೋ ಸಲ ಬ್ಯಾಂಕ್ ಸಾಲ ಮಾಡಿ ಹಾಕಿದ್ದು. ಅವರಿಗೂ ಎಕರೆಗೆ ಹತ್ತು ಸಾವಿರ ಚಿಲ್ಲರೆ, ಬಯಲಲ್ಲಿ ಚೆಂಡು ಹೂವು ಹಾಕಿದವರಿಗೂ ಅಷ್ಟೇ.

ಮೆಕ್ಕೆಜೋಳದ ಕತೆ ಬೇರೆ

ಮೆಕ್ಕೆಜೋಳ ಕೆಟ್ಟುಹೋಗುವ ಬೆಳೆಯಲ್ಲ. ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಹಾಗಾದರೆ ಅದಕ್ಕೇಕೆ 500 ಕೋಟಿ?

ಕಾರಣ ಕೋಳಿ. ನಮ್ಮ ಮೆಕ್ಕೆಜೋಳದ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ. 2020ರ ಫೆಬ್ರುವರಿಯಲ್ಲೇ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಕೋಳಿ ರೇಟು ನೆಲಕಚ್ಚಿತು. ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಬೇರೆ ಕಾಣಿಸಿಕೊಂಡಿತು. ಸಾಕಿದ ಕೋಳಿಗಳನ್ನು ಕೊಂದು ಹೂಳಿದರು. ಅಷ್ಟರಲ್ಲಿ ಲಾಕ್‌ಡೌನ್, ಹೋಟೆಲ್‌ಗಳೂ ಬಂದ್. ಕೋಳಿ ಸಾಕುವವರು ಹೊಸ ಮರಿ ಬಿಡುವುದನ್ನೇ ನಿಲ್ಲಿಸಿದರು. ಮರಿ ಇಲ್ಲ ಅಂದಮೇಲೆ ಆಹಾರ ಯಾರಿಗೆ ಬೇಕು? ಹಾವೇರಿ, ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ರೈತರ ಮನೆಯಲ್ಲಿ ಚೀಲಗಳು ಹಾಗೇ ಉಳಿದವು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ನೂರಾರು ರೂಪಾಯಿ ಕಡಿಮೆಗೆ ಕೇಳುತ್ತಿದ್ದರು. ಸರ್ಕಾರವೇ ಕೊಳ್ಳೋಣ ಅಂದರೆ, ರಾಗಿ, ಜೋಳದ ಹಾಗೆ ಮೆಕ್ಕೆಜೋಳವನ್ನು ನಮ್ಮ ರೇಷನ್ ಅಂಗಡಿಯಲ್ಲಿ ಹಂಚುವುದಿಲ್ಲ. ಕೊಂಡ ಮಾಲು ಎಲ್ಲಿಗೆ ಹಾಕುವುದು? ಹಾಗಾಗಿ ನೇರ ಹಣದ ದಾರಿ ಹಿಡಿದರು.

ಇಲ್ಲಿ ಹೆಕ್ಟೇರ್ ಲೆಕ್ಕ ಬಿಟ್ಟು ತಲೆ ಲೆಕ್ಕ ಹಿಡಿದದ್ದನ್ನು ಗಮನಿಸಬೇಕು. ಇಪ್ಪತ್ತು ಗುಂಟೆಯಲ್ಲಿ ಬೆಳೆದವರಿಗೂ 5,000, ಹತ್ತು ಎಕರೆಯಲ್ಲಿ ಬೆಳೆದವರಿಗೂ 5,000. ಸಣ್ಣ ರೈತರಿಗೆ ಇದು ನಿಜವಾಗಿ ಒಳ್ಳೆಯದು. ಕೆಲಸವೂ ಬೇಗ ಆಗುತ್ತದೆ, ಯಾಕೆಂದರೆ ಅಳೆಯುವ ಗೋಜಿಲ್ಲ. ಆದರೆ ಪಟ್ಟಿ ಮಾಡಿದ್ದು 2019ರ ಮುಂಗಾರಿನ ಬೆಳೆ ಸಮೀಕ್ಷೆ ನೋಡಿ. ಆ ಬೆಳೆ ಕಟಾವಾದದ್ದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಕೈಯಲ್ಲಿ ಕಾಸಿಲ್ಲದ ಸಣ್ಣ ರೈತರು ಕಟಾವಾದ ಕೂಡಲೇ ಮಾರುತ್ತಾರೆ. ಆಗ ಇನ್ನೂ ರೇಟು ಬಿದ್ದಿರಲಿಲ್ಲ. ಒಳ್ಳೆ ಬೆಲೆ ಬರಲಿ ಅಂತ ಇಟ್ಟುಕೊಂಡವರು ಕೆಟ್ಟರು. ಹಣ ಇಬ್ಬರಿಗೂ ಸಮನಾಗಿ ಹೋಯಿತು. ಯಾರು ಯಾವಾಗ ಎಷ್ಟಕ್ಕೆ ಮಾರಿದರು ಅಂತ ಸರ್ಕಾರದ ಬಳಿ ಲೆಕ್ಕವೇ ಇರಲಿಲ್ಲವಲ್ಲ, ಬೇರೆ ದಾರಿಯೂ ಇರಲಿಲ್ಲ.

ಕೇಂದ್ರದ ಹಣ ಹೇಗೆ ಬಂತು?

ಕೇಂದ್ರ ಸರ್ಕಾರ 2020ರ ಮಾರ್ಚ್ 26ರಂದು 1.70 ಲಕ್ಷ ಕೋಟಿಯ ಪ್ಯಾಕೇಜ್ ಘೋಷಿಸಿದಾಗ 8.7 ಕೋಟಿ ರೈತರಿಗೆ ಏಪ್ರಿಲ್ ಮೊದಲ ವಾರವೇ 2,000 ರೂಪಾಯಿ ಹಾಕುತ್ತೇವೆ ಎಂದಿತು. ಹಣ ಬೇಗ ಬಂತು. ಪಟ್ಟಿ ಸಿದ್ಧ ಇದ್ದರೆ ಎಷ್ಟು ವೇಗವಾಗಿ ತಲುಪಿಸಬಹುದು ಎಂಬುದಕ್ಕೆ ಅದು ಒಳ್ಳೆ ಉದಾಹರಣೆ. ಆದರೆ ಅದು ಹೊಸ ಹಣವಲ್ಲ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತಿನಲ್ಲಿ ಕೊಡುವ 6,000ದ ಮೊದಲ ಕಂತನ್ನೇ ಮುಂಚಿತವಾಗಿ ಹಾಕಿದ್ದು. ಆ ವರ್ಷದ ಒಟ್ಟು ಮೊತ್ತ ಒಂದು ರೂಪಾಯಿಯೂ ಹೆಚ್ಚಲಿಲ್ಲ. ಮೇ ತಿಂಗಳಲ್ಲಿ ಬಂದ 20 ಲಕ್ಷ ಕೋಟಿಯ ಆತ್ಮನಿರ್ಭರ ಪ್ಯಾಕೇಜ್‌ನಲ್ಲಿ ಕೃಷಿಗೆ ಇದ್ದದ್ದು ಬಹುತೇಕ ಸಾಲ. ಕಿಸಾನ್ ಕ್ರೆಡಿಟ್ ಕಾರ್ಡ್ ಮೇಲೆ 2 ಲಕ್ಷ ಕೋಟಿ, ಗೋದಾಮು ಮುಂತಾದ ಸೌಕರ್ಯಕ್ಕೆ 1 ಲಕ್ಷ ಕೋಟಿಯ ನಿಧಿ. ಬೆಳೆದದ್ದು ಮಣ್ಣುಪಾಲಾದವರಿಗೆ ಇನ್ನೊಂದು ಸಾಲ ಕೊಡುವುದನ್ನು ಪರಿಹಾರ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪಿಎಂ ಕಿಸಾನ್‌ಗೆ ಇನ್ನೊಂದು ಷರತ್ತಿದೆ. 2019ರ ಫೆಬ್ರುವರಿ 1ಕ್ಕೆ ಜಮೀನು ನಿಮ್ಮ ಹೆಸರಿನಲ್ಲಿ ಇರಬೇಕು. ಅಂದರೆ ಇಲ್ಲೂ ಮಾತು ಪಹಣಿಗೇ ಬಂದು ನಿಲ್ಲುತ್ತದೆ.

ಪಹಣಿಯಲ್ಲಿ ಇಲ್ಲದವರು

ಪಹಣಿಯಲ್ಲಿ ಮಾಲೀಕರ ಹೆಸರಿಗೆ ಒಂದು ಕಾಲಂ ಇದೆ. ಸಾಗುವಳಿ ಮಾಡುವವರ ಹೆಸರಿಗೆ ಬೇರೆ ಕಾಲಂ ಇದೆ. ಸಾಗುವಳಿ ಯಾವ ರೀತಿಯದು ಅಂತ ಬರೆಯಲೂ ಜಾಗ ಇದೆ. ಯಾವ ಊರಿನ ಪಹಣಿ ತೆಗೆದರೂ ಅಲ್ಲಿ ಬಹುತೇಕ ಕಾಣುವುದು 'ಸ್ವಂತ' ಎಂಬ ಒಂದೇ ಪದ. ಊರಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ, ಎಷ್ಟೋ ಹೊಲಗಳನ್ನು ಉಳುತ್ತಿರುವವರು ಬೇರೆಯವರು. ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ ವಾರಕ್ಕೆ, ಪಾಲಿಗೆ ಮಾಡುವವರು, ಉತ್ತರ ಕರ್ನಾಟಕದ ಕಡೆ ಜಮೀನು ಲಾವಣಿಗೆ ಹಿಡಿದವರು, ವರ್ಷಕ್ಕಿಷ್ಟು ಅಂತ ಗುತ್ತಿಗೆ ಹಿಡಿದವರು. ಬೀಜ, ಗೊಬ್ಬರ, ಕೂಲಿ, ಸಾಲ ಎಲ್ಲ ಅವರದ್ದು. ಬೆಲೆ ಬಿದ್ದರೆ ನಷ್ಟವೂ ಅವರದ್ದು. ಬೆಂಗಳೂರಿನ ಸುತ್ತಮುತ್ತ, ಕೋಲಾರದ ಕಡೆ ಬೋರ್‌ವೆಲ್ ಇರುವ ಜಮೀನನ್ನು ಗುತ್ತಿಗೆಗೆ ತೆಗೆದುಕೊಂಡು ಹೂವು, ಟೊಮೆಟೊ ಬೆಳೆಯುವವರು ಎಷ್ಟೋ ಜನ. ಲಾಕ್‌ಡೌನ್‌ನಲ್ಲಿ ಮೊದಲು ಏಟು ತಿಂದವರು ಇವರು. ಕಾಗದದಲ್ಲಿ ಇವರು ಇಲ್ಲವೇ ಇಲ್ಲ.

ಕಾಗದದಲ್ಲಿ ಯಾಕಿಲ್ಲ ಎನ್ನುವುದಕ್ಕೆ ಐವತ್ತು ವರ್ಷದ ಹಿಂದಕ್ಕೆ ಹೋಗಬೇಕು. ದೇವರಾಜ ಅರಸರ ಕಾಲದ ಭೂಸುಧಾರಣೆ ಕರ್ನಾಟಕದ ದೊಡ್ಡ ಕೆಲಸಗಳಲ್ಲಿ ಒಂದು. ಗೇಣಿ ಪದ್ಧತಿಯನ್ನೇ ರದ್ದು ಮಾಡಿದರು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನು ಸರ್ಕಾರದ ವಶಕ್ಕೆ ಬಂತು. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಕರಾವಳಿ, ಮಲೆನಾಡಿನಲ್ಲಿ ಲಕ್ಷಾಂತರ ಮನೆಗಳ ಬದುಕು ಅದರಿಂದ ಬದಲಾಯಿತು. ಆ ಕಾನೂನನ್ನು ನಾನು ಪೂರ್ತಿ ಗೌರವಿಸುತ್ತೇನೆ.

ಆದರೆ ಅದರ ನೆನಪು ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಸಾಗುವಳಿ ಕಾಲಂನಲ್ಲಿ ಬೇರೆಯವರ ಹೆಸರು ಬಂದರೆ ನಾಳೆ ಜಮೀನು ಕೈಬಿಟ್ಟೀತು ಅಂತ ಮಾಲೀಕರಿಗೆ ಭಯ. ಕಾನೂನಿನಲ್ಲೂ ಸೈನಿಕರಂಥ ಕೆಲವರನ್ನು ಬಿಟ್ಟರೆ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಹಾಗಾಗಿ ಎಲ್ಲವೂ ಬಾಯಿಮಾತಿನಲ್ಲಿ ನಡೆಯುತ್ತದೆ. ಕರಾರು ಪತ್ರ ಇಲ್ಲ, ರಸೀದಿ ಇಲ್ಲ. ಗುತ್ತಿಗೆ ರೈತರು ಪರಿಹಾರಕ್ಕೆ ಅರ್ಜಿ ಹಾಕಬೇಕಾದರೆ ಮೊದಲು ಮಾಲೀಕರು ಕಾನೂನು ಮುರಿದಿದ್ದಾರೆ ಅಂತ ತೋರಿಸಬೇಕು. ಯಾರು ತಾನೇ ಹಾಗೆ ಮಾಡುತ್ತಾರೆ? ಮುಂದಿನ ವರ್ಷ ಅದೇ ಹೊಲ ಬೇಕಲ್ವಾ? ಹಣ ಮಾಲೀಕರ ಖಾತೆಗೆ ಹೋದಾಗ ಅದರಲ್ಲಿ ಅರ್ಧವಾದರೂ ಬೆಳೆದವರ ಕೈಗೆ ಕೊಟ್ಟ ಒಳ್ಳೆಯ ಮನಸ್ಸಿನವರು ಇರಬಹುದು. ಅದು ಅವರವರ ದೊಡ್ಡತನ. ಸರ್ಕಾರದ ಯೋಜನೆ ಅದನ್ನು ನಂಬಿಕೊಂಡು ನಡೆಯಬಾರದು.

ಮಾಲೀಕರ ಮನೆಯಲ್ಲೂ ಎಲ್ಲ ಸರಿ ಇರುವುದಿಲ್ಲ. ಅಜ್ಜ ತೀರಿಕೊಂಡು ಹತ್ತಾರು ವರ್ಷ ಆಗಿರುತ್ತದೆ, ಪಹಣಿ ಇನ್ನೂ ಅವರ ಹೆಸರಿನಲ್ಲೇ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕೆಂದರೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಅಣ್ಣತಮ್ಮಂದಿರ ಒಪ್ಪಿಗೆ. ನಾಲ್ಕು ಜನ ಪಾಲುದಾರರಲ್ಲಿ ಒಬ್ಬರು ಮುನಿಸಿಕೊಂಡರೆ ಮುಗಿಯಿತು. ಸತ್ತವರ ಹೆಸರಿಗೆ ಆಧಾರ್ ಜೋಡಣೆ ಆಗುವುದಿಲ್ಲ. ಜೋಡಣೆ ಇಲ್ಲದೆ ಹಣ ಬರುವುದಿಲ್ಲ. ಗಂಡ ತೀರಿಹೋದ ಮೇಲೆ ಹೊಲ ನಡೆಸುತ್ತಿರುವ ಹೆಂಗಸರ ಪಾಡಂತೂ ಕೇಳಬೇಡಿ. ಕಂದಾಯ ಇಲಾಖೆ ಇತ್ತೀಚೆಗೆ ಪೌತಿ ಖಾತೆಗೆ ಆಂದೋಲನವನ್ನೇ ನಡೆಸುತ್ತಿರುವುದು ಸಮಸ್ಯೆ ಎಷ್ಟು ದೊಡ್ಡದು ಅಂತ ಹೇಳುತ್ತದೆ.

ಸಮೀಕ್ಷೆಗೆ ಸಿಗದ ಬೆಳೆ

ಪಹಣಿ ಸರಿಯಿದ್ದವರಿಗೂ ಇನ್ನೊಂದು ಬಾಗಿಲು ದಾಟಬೇಕಿತ್ತು. ಹೊಲದಲ್ಲಿ ಯಾವ ಬೆಳೆ ಇತ್ತು ಎನ್ನುವುದಕ್ಕೆ ಸರ್ಕಾರದ ಆಧಾರ ಬೆಳೆ ಸಮೀಕ್ಷೆ. ಕರ್ನಾಟಕ ಈ ವಿಷಯದಲ್ಲಿ ಬೇರೆ ಎಷ್ಟೋ ರಾಜ್ಯಗಳಿಗಿಂತ ಮುಂದಿದೆ. ಕೆಲವು ವರ್ಷದಿಂದ ಮೊಬೈಲ್ ಆ್ಯಪ್‌ನಲ್ಲೇ ಸರ್ವೆ ನಂಬರ್ ಸಮೇತ ಹೊಲದ ಫೋಟೊ ತೆಗೆಯುತ್ತಾರೆ. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಫೋಟೊ ಹಾಕಲು ಅವಕಾಶ ಆಯಿತು.

ಆದರೆ ಸಮೀಕ್ಷೆ ನಡೆಯುವುದು ಋತುವಿಗೆ ಒಂದು ಸಲ. ಹೂವು, ಸೊಪ್ಪು, ತರಕಾರಿ ಈ ಲೆಕ್ಕಕ್ಕೆ ಕಾಯುವುದಿಲ್ಲ. ಟೊಮೆಟೊ ಮೂರೂವರೆ ತಿಂಗಳಲ್ಲಿ ಬಂದು ಮುಗಿಯುತ್ತದೆ. ಕೊತ್ತಂಬರಿ ಸೊಪ್ಪಿಗೆ ಒಂದೂವರೆ ತಿಂಗಳು ಸಾಕು. ಮುಂಗಾರಿನಲ್ಲಿ ರಾಗಿ ಇದ್ದ ಹೊಲದಲ್ಲಿ ಜನವರಿಯಲ್ಲಿ ಚೆಂಡು ಹೂವು ಹಾಕಿದರೆ, ದಾಖಲೆಯಲ್ಲಿ ಇನ್ನೂ ರಾಗಿಯೇ ಇರುತ್ತದೆ. ಒಂದೇ ಎಕರೆಯಲ್ಲಿ ಅರ್ಧ ಕನಕಾಂಬರ, ಕಾಲು ಬದನೆ, ಬದುವಿನ ಮೇಲೆ ನುಗ್ಗೆ ಇದ್ದರೆ ಫೋಟೊದಲ್ಲಿ ಯಾವುದು ಬಿತ್ತೋ ಅದೇ ಬೆಳೆ. ಸಮೀಕ್ಷೆಯಲ್ಲಿ ಹೆಸರಿಲ್ಲದವರು ಅರ್ಜಿ ಕೊಡಬಹುದು ಎಂದರು ನಿಜ. ಆದರೆ ಅಷ್ಟರಲ್ಲಿ ಹೊಲಕ್ಕೆ ರೋಟವೇಟರ್ ಹೊಡೆದು ಬೇರೆ ಬಿತ್ತನೆಗೆ ಹದ ಮಾಡಿದವರು ಏನನ್ನು ತೋರಿಸಬೇಕು? ಬೆಳೆ ಉಳಿಸಿಕೊಂಡವರ ಬಳಿ ಸಾಕ್ಷಿ ಇತ್ತು, ಪೂರ್ತಿ ಕಳೆದುಕೊಂಡವರ ಬಳಿ ಇರಲಿಲ್ಲ.

ಹಾಲಿನವರಿಗೆ ಇದ್ದದ್ದು, ಹೂವಿನವರಿಗೆ ಇಲ್ಲದ್ದು

ಅದೇ ಊರಿನಲ್ಲಿ, ಅದೇ ಮನೆಯಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಹಾಲಿನ ಡೇರಿ. ಬೆಳಗ್ಗೆ, ಸಂಜೆ ಎರಡು ಹೊತ್ತು ಹಾಲು ಹಾಕಿದಾಗ ಎಷ್ಟು ಲೀಟರ್, ಎಷ್ಟು ಫ್ಯಾಟ್ ಅಂತ ಸದಸ್ಯರ ಹೆಸರಿನಲ್ಲಿ ದಾಖಲಾಗುತ್ತದೆ. ಸರ್ಕಾರ ಲೀಟರ್‌ಗೆ ಕೊಡುವ ಪ್ರೋತ್ಸಾಹಧನವೂ ಆ ಲೆಕ್ಕದ ಮೇಲೆಯೇ ಖಾತೆಗೆ ಬರುತ್ತದೆ. ಎರಡು ಹಸು ಇದ್ದು ಒಂದು ಗುಂಟೆ ನೆಲವಿಲ್ಲದವರಿಗೂ ಬರುತ್ತದೆ. ಯಾರೂ ಪಹಣಿ ಕೇಳುವುದಿಲ್ಲ. ಲಾಕ್‌ಡೌನ್‌ನಲ್ಲಿ ಹೋಟೆಲ್, ಟೀ ಅಂಗಡಿಗಳು ಮುಚ್ಚಿ ಹಾಲು ಉಳಿದಾಗ ಸರ್ಕಾರ ಕೆಎಂಎಫ್‌ನಿಂದ ಹಾಲು ಕೊಂಡು ಕೊಳೆಗೇರಿಯ ಬಡವರಿಗೆ ಉಚಿತವಾಗಿ ಹಂಚಿತು. ಹಳ್ಳಿಯ ಡೇರಿ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸದೆ ಇದ್ದದ್ದಕ್ಕೆ ಇದೂ ಒಂದು ಕಾರಣ. ಎಷ್ಟೋ ರೈತ ಕುಟುಂಬಗಳು ಆ ತಿಂಗಳುಗಳಲ್ಲಿ ಊಟ ಮಾಡಿದ್ದು ಹಾಲಿನ ಬಟವಾಡೆಯಿಂದ.

ಹೂವು, ತರಕಾರಿಗೆ ಇಂಥ ದಾಖಲೆ ಇಲ್ಲ. ಕೆ.ಆರ್. ಮಾರುಕಟ್ಟೆಗೋ ಹತ್ತಿರದ ಮಂಡಿಗೋ ಹಾಕಿದ ಮಾಲಿಗೆ ಸಿಗುವುದು ಒಂದು ಚೀಟಿ. ಅದರಲ್ಲಿ ತೂಕ, ದರ, ಕಮಿಷನ್ ಬರೆದಿರುತ್ತದೆ. ಜೇಬಿನಲ್ಲಿ ನಾಲ್ಕು ದಿನ ಇದ್ದು ಕಳೆದುಹೋಗುತ್ತದೆ. ಅದೇ ಚೀಟಿ ಬೆಳೆದವರ ಹೆಸರಿನಲ್ಲಿ ಕಂಪ್ಯೂಟರ್‌ಗೆ ಹತ್ತಿದ್ದರೆ, ಹಿಂದಿನ ವರ್ಷದ ಮಾರ್ಚ್-ಏಪ್ರಿಲ್‌ನಲ್ಲಿ ಎಷ್ಟು ಮಾರಿದ್ದರು ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತಿತ್ತು.

ಅಮೆರಿಕ ಆ ವರ್ಷ ಬೇರೆ ದಾರಿ ಹಿಡಿಯಿತು. 2020ರ ಏಪ್ರಿಲ್‌ನಲ್ಲಿ 1,900 ಕೋಟಿ ಡಾಲರ್‌ನ ಕಾರ್ಯಕ್ರಮ ಘೋಷಿಸಿ, ಅದರಲ್ಲಿ 1,600 ಕೋಟಿಯನ್ನು ರೈತರಿಗೆ ನೇರವಾಗಿ ಕೊಡಲು ಇಟ್ಟಿತು. ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬೆಲೆ ಶೇ 5 ಅಥವಾ ಜಾಸ್ತಿ ಬಿದ್ದ ಬೆಳೆ, ಜಾನುವಾರುಗಳಿಗೆ ಹಣ ಅಂತ ಮಾಡಿದರು. ನೆಲದ ಮೇಲಲ್ಲ, ಮಾಲಿನ ಮೇಲೆ. ನಷ್ಟಕ್ಕೆ ಹತ್ತಿರವಾದ ಲೆಕ್ಕ ಅದು. ಆದರೆ ಅಲ್ಲಿ ಒಬ್ಬರಿಗೆ ಮಿತಿ ಇದ್ದದ್ದು ಎರಡೂವರೆ ಲಕ್ಷ ಡಾಲರ್. ಜಾಸ್ತಿ ಮಾಲು ಇದ್ದವರಿಗೆ ಜಾಸ್ತಿ ಹಣ ಹೋಯಿತು. ನಮ್ಮಲ್ಲಿ ಒಂದು ಹಿಡುವಳಿಯ ಸರಾಸರಿ 2015-16ರ ಕೃಷಿ ಗಣತಿ ಪ್ರಕಾರ 1.36 ಹೆಕ್ಟೇರ್. ಒಂದು ಹೆಕ್ಟೇರ್ ಮಿತಿ ಹಾಕಿದ ನಮ್ಮ ಕ್ರಮ ಆ ಮಟ್ಟಿಗೆ ಸರಿಯಾದದ್ದೇ.

ಈಗ ಏನಾಗುತ್ತಿದೆ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಕೇಂದ್ರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆ ಆಯಿತು. ಅದನ್ನು ಹಂಚಿದ್ದು ಫ್ರೂಟ್ಸ್ ಎಂಬ, ರಾಜ್ಯದ ರೈತರ ನೋಂದಣಿ ತಂತ್ರಾಂಶದ ಮೂಲಕ. ರೈತರಿಗೆ ಒಂದು ಗುರುತಿನ ಸಂಖ್ಯೆ (ಎಫ್‌ಐಡಿ), ಅದಕ್ಕೆ ಪಹಣಿ, ಆಧಾರ್, ಬ್ಯಾಂಕ್ ಖಾತೆ ಜೋಡಣೆ. ಎರಡು ಎಕರೆ ಇದ್ದವರು ಒಂದೇ ಸರ್ವೆ ನಂಬರ್ ಜೋಡಿಸಿದ್ದರೆ ಅಷ್ಟಕ್ಕೇ ಪರಿಹಾರ. ಹಣ ಬಂದವರಲ್ಲೂ ಕೆಲವರ ಖಾತೆಯಿಂದ ಹಳೆ ಸಾಲಕ್ಕೆ ಮುರಿದುಕೊಂಡರು. ಹಾಗೆ ಮಾಡಬೇಡಿ ಅಂತ ಜಿಲ್ಲಾಧಿಕಾರಿಗಳು ಬ್ಯಾಂಕ್‌ಗಳಿಗೆ ಸೂಚನೆ ಕೊಡಬೇಕಾಯಿತು.

ಈಗ ದೇಶದ ಮಟ್ಟದಲ್ಲೇ ರೈತರ ನೋಂದಣಿ ನಡೆಯುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆದ 2,817 ಕೋಟಿಯ ಡಿಜಿಟಲ್ ಕೃಷಿ ಮಿಷನ್‌ನ ಮುಖ್ಯ ಭಾಗ ಇದು. ಇದರ ಬುಡವೂ ಭೂ ದಾಖಲೆಯೇ. ನೋಂದಣಿ ಪೂರ್ತಿಯಾದ ಮೇಲೆ ಯಾರು ರೈತರು ಅಂತ ಕೇಳಿದರೆ ಕಂಪ್ಯೂಟರ್ ಒಂದೇ ಉತ್ತರ ಕೊಡುತ್ತದೆ. ಅದಕ್ಕೇ ಈ ಮಾತನ್ನು ಈಗಲೇ ಆಡಬೇಕು ಅನ್ನುವುದು.

ದಾರಿ ಇಲ್ಲ ಅಂತೇನಿಲ್ಲ. ಪಕ್ಕದ ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿಗೆ ಅಂತಲೇ ಒಂದು ಕಾನೂನು ಮಾಡಿತು. ಗುತ್ತಿಗೆ ರೈತರಿಗೆ 11 ತಿಂಗಳ ಮಟ್ಟಿಗೆ ಒಂದು ಕಾರ್ಡ್. ಅದರಿಂದ ಬೆಳೆ ಸಾಲ, ವಿಮೆ, ಪರಿಹಾರ ಕೇಳಬಹುದು. ಜಮೀನಿನ ಮೇಲೆ ಹಕ್ಕು ಬರುವುದಿಲ್ಲ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಅಲ್ಲಿ ತೊಡಕಾದದ್ದು ಮಾಲೀಕರ ಸಹಿ ಬೇಕು ಎನ್ನುವ ಷರತ್ತು. ಭಯದಿಂದ ಮಾಲೀಕರು ಸಹಿ ಹಾಕಲು ಹಿಂಜರಿದರು, ಕಾರ್ಡ್ ಸಿಗದವರು ಬಹಳ ಜನ ಉಳಿದರು. ನಾವು ಮಾಡುವುದಾದರೆ ಸಹಿ ಬಿಟ್ಟು ಊರಿನ ಪಂಚನಾಮೆ ಸಾಕು ಅಂತ ಮಾಡಬೇಕು. ಯಾವ ಹೊಲವನ್ನು ಯಾರು ಮಾಡುತ್ತಿದ್ದಾರೆ ಅಂತ ಊರಿಗೆಲ್ಲ ಗೊತ್ತಿರುತ್ತದೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಫೋಟೊ ಹಾಕುವಾಗಲೇ ಆ ಋತುವಿನಲ್ಲಿ ಬೆಳೆದವರ ಹೆಸರನ್ನೂ ಸೇರಿಸಬೇಕು. ಆ ಹೆಸರು ಪಹಣಿಗೆ ಹೋಗದಂತೆ, ನ್ಯಾಯಾಲಯದಲ್ಲಿ ಹಕ್ಕಿನ ಸಾಕ್ಷಿ ಆಗದಂತೆ ಕಾನೂನಿನಲ್ಲಿ ಒಂದು ಸಾಲು ಸೇರಿಸಿದರೆ ಮಾಲೀಕರ ಭಯಕ್ಕೂ ಉತ್ತರ ಸಿಗುತ್ತದೆ.

ಸುಳ್ಳು ಹೆಸರು ಬರುತ್ತದೆ, ದುರುಪಯೋಗ ಆಗುತ್ತದೆ ಎನ್ನುವ ಆಕ್ಷೇಪ ಬಂದೇ ಬರುತ್ತದೆ. ಬರಲಿ. ಇವತ್ತಿನ ವ್ಯವಸ್ಥೆಯಲ್ಲಿ, ಹೊಲಕ್ಕೆ ಕಾಲೇ ಇಡದವರ ಖಾತೆಗೆ ಹಣ ಹೋಗುತ್ತಿದೆ. ಅದನ್ನು ಯಾರೂ ದುರುಪಯೋಗ ಅಂತ ಕರೆಯುತ್ತಿಲ್ಲ, ಯಾಕೆಂದರೆ ಕಾಗದ ಸರಿಯಿದೆ.

ಇನ್ನು ದರದ ವಿಷಯ. ಮಾರುಕಟ್ಟೆಯನ್ನು ಸರ್ಕಾರವೇ ಆದೇಶ ಹೊರಡಿಸಿ ಮುಚ್ಚಿಸಿದರೆ ಬೆಳೆಗಾರರಿಗೆ ಎಷ್ಟು ಕೊಡಬೇಕು ಎಂದು ಮೊದಲೇ ಬರೆದಿಡಬೇಕು. ಕೃಷಿ ಬೆಲೆ ಆಯೋಗ ನಮ್ಮ ರಾಜ್ಯದಲ್ಲೇ ಇದೆ. ಬೆಳೆವಾರು ಸಾಗುವಳಿ ಖರ್ಚಿನ ಲೆಕ್ಕ ಹಾಕುವುದೇ ಅದರ ಕೆಲಸ. ಆ ಖರ್ಚಿನ ಇಷ್ಟು ಭಾಗ, ಸಣ್ಣ ಜಾಗದಲ್ಲಿ ಬೆಳೆಯುವವರಿಗೆ ಕನಿಷ್ಠ ಇಷ್ಟು, ಬ್ಯಾಂಕ್ ಇದನ್ನು ಸಾಲಕ್ಕೆ ಮುರಿದುಕೊಳ್ಳುವಂತಿಲ್ಲ ಅಂತ ಆದೇಶ ಸಿದ್ಧವಿದ್ದರೆ ಆರು ವಾರ ಕಾಯಬೇಕಾಗಿಲ್ಲ. 25,000ವೋ 10,000ವೋ ಅಂತ ಪ್ರತಿ ಸಲ ಹೊಸದಾಗಿ ತೀರ್ಮಾನ ಮಾಡಬೇಕಾಗಿಯೂ ಇಲ್ಲ. ಕೋಳಿಗೆ ಬರುವ ಹಕ್ಕಿ ಜ್ವರ, ರಫ್ತಿಗೆ ಬೀಳುವ ದಿಢೀರ್ ತಡೆ, ಹೀಗೆ ಬೆಳೆ ಚೆನ್ನಾಗಿದ್ದೂ ಮಾರುಕಟ್ಟೆ ಕೈಕೊಡುವ ಸಂದರ್ಭ ಕೊರೊನಾ ಇಲ್ಲದೆಯೂ ಬರುತ್ತಲೇ ಇದೆ. ಈರುಳ್ಳಿ ಬೆಳೆಗಾರರನ್ನು ಕೇಳಿದರೆ ಅವರು ವರ್ಷ ಸಮೇತ ಹೇಳುತ್ತಾರೆ.